ಮಕ್ಕಳ ಕೈಗೆ ಸಿಗದ ಮದ್ದಿನ ಪೆಟ್ಟಿಗೆ

ಬಡಗಿ ತಾತ ನಲವತ್ತು ವರ್ಷ ಊರವರ ಬಾಗಿಲು ಕೂರಿಸಿದವನು. ಪುಟ್ಟ ಮೊಮ್ಮಗಳಿರುವ ಮನೆಯಲ್ಲಿ ಗಾಯದ ಮದ್ದು ಇಡಲು ಅಂಗಡಿಯ ಡಬ್ಬ ಅವನ ಕಣ್ಣಿಗೆ ಹಿಡಿಸೀತೇ? ತೇಗದ ಪೆಟ್ಟಿಗೆಯನ್ನೇ ಮಾಡಿದ. ಹತ್ತಿ, ಪಟ್ಟಿ, ಮುಲಾಮು, ಥರ್ಮಾಮೀಟರು ಎಲ್ಲ ತುಂಬಿಸಿ, ಮಗು ತೆರೆಯಬಾರದೆಂದು ಗುಪ್ತ ಚಿಲಕವನ್ನೂ ಇಟ್ಟ. ಆ ಚಿಲಕದ ಗುಣಗಾನ ಕೇಳಿ ಕೇಳಿ ಹೆಂಡತಿಯ ಕಿವಿ ತೂತಾಯಿತು.

ನಾಲ್ಕನೆಯ ದಿನ ಮಗು ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡಿತು. ರಕ್ತ ಕಂಡು ತಾತ ಓಡಿಹೋಗಿ ಪೆಟ್ಟಿಗೆ ತಂದ. ಚಿಲಕವನ್ನು ಎಳೆಯಬೇಕೋ ಒತ್ತಬೇಕೋ, ಮಾಡಿದವನಿಗೇ ಮರೆತುಹೋಯಿತು.

“ಏನ್ರೀ, ಅವಳಿಗೆ ಮದುವೆ ಆಗೋದ್ರೊಳಗೆ ತೆಗೀತೀರಾ?” ಎಂದಳು ಹೆಂಡತಿ, ಮಗುವಿನ ಮಂಡಿ ತೊಳೆಯುತ್ತ.

ತಾತ ಉಳಿ ಹಾಕಿ ಮೀಟಿದ. ಉಳಿ ಜಾರಿ ಅವನ ಹೆಬ್ಬೆರಳನ್ನೇ ಕೊಯ್ದಿತು.

ಮಗು ಕುಂಟುತ್ತ ಬಂತು. “ಒತ್ತಿ ಎಳೀಬೇಕು ತಾತ,” ಎಂದು ಎರಡೇ ಬೆರಳಲ್ಲಿ ಮುಚ್ಚಳ ತೆಗೆಯಿತು. ಒಳಗೆ ಉಳಿದಿದ್ದ ಪಟ್ಟಿ ಒಂದೇ. ಮಿಕ್ಕ ಪಟ್ಟಿಗಳೆಲ್ಲ ಆಗಲೇ ಗೊಂಬೆಯ ಕೈಕಾಲು ಸೇರಿದ್ದವು. ಇದ್ದ ಒಂದನ್ನು ತಾತನ ಹೆಬ್ಬೆರಳಿಗೆ ಸುತ್ತಿ, “ಅಳಬಾರ್ದು, ಆಯ್ತಾ?” ಎಂದಿತು.

ಅಜ್ಜಿ ಮಗುವಿನ ಮಂಡಿಗೆ ಒಗೆದ ಕರವಸ್ತ್ರ ಕಟ್ಟಿ, ಪೆಟ್ಟಿಗೆಯನ್ನು ಎತ್ತಿಕೊಂಡಳು.

“ಇನ್ಮೇಲೆ ಇದನ್ನ ನಿಮ್ಮ ಕೈಗೆ ಸಿಗದ ಹಾಗೆ ಇಡ್ತೀನಿ.”