ಮಿಸ್ತ್ರಿಯ ನಕ್ಷೆ, ಖಾನಾಪುರದ ಯಂತ್ರ

ಉದ್ಯಮಬಾಗದ ಆ ಲೇಥ್ ಮಿಸ್ತ್ರಿಗೆ ಮೀಸೆ ಇತ್ತೆಂದು ನೆನಪು; ಅದು ಅವರ ತಮ್ಮನದೂ ಇರಬಹುದು. ಮಾತು ಮಾತ್ರ ಅವರದೇ. ತಾವು ಕಟ್ಟಿದ ಗೋಡಂಬಿ ಒಡೆಯುವ ಯಂತ್ರದ ನಕ್ಷೆಯನ್ನು ಕೇಳಿದವರಿಗೆಲ್ಲ ಝೆರಾಕ್ಸ್ ಮಾಡಿಸಿ ಕೊಟ್ಟು, "ಒಯ್ರಿ, ನಂದೇನ್ ಸವೀತೈತಿ?" ಎನ್ನುತ್ತಿದ್ದರು.

ಖಾನಾಪುರದವನೊಬ್ಬ ಆ ನಕ್ಷೆ ಒಯ್ದು ಅದೇ ಯಂತ್ರ ಮಾಡಿ, ಡಿಸೈನ್ ತನ್ನದು, ಇನ್ನು ಮುಂದೆ ಮಿಸ್ತ್ರಿ ಅದನ್ನು ಮಾಡುವಂತಿಲ್ಲ ಎಂದು ವಕೀಲರಿಂದ ನೋಟಿಸು ಕಳಿಸಿದ. ಜಗಳಕ್ಕೆಂದು ನಾನೇ ಮಿಸ್ತ್ರಿಯನ್ನು ಬೈಕಿನಲ್ಲಿ ಖಾನಾಪುರಕ್ಕೆ ಕರೆದೊಯ್ದೆ.

ಮಿಸ್ತ್ರಿ ಆ ಯಂತ್ರದ ಬದಿಯ ದುಂಡು ತೂತಿನೊಳಗೆ ಕೈ ಹಾಕಿದರು. "ಇದ್ಯಾಕ್ರಿ?"

"ನಮ್ಮ ಡಿಸೈನ್ ರೀ," ಎಂದ ಮಾಲೀಕ.

"ಅಲ್ರೀ ಸಾವ್ಕಾರ್ರ, ಇದು ನಕ್ಷಿ ಮ್ಯಾಲೆ ನಾ ಇಟ್ಟ ಚಾ ಕಪ್ಪಿನ ದುಂಡು ಕಲೆ, ಝೆರಾಕ್ಸಿನ್ಯಾಗೂ ಬಂದೈತಿ. ಬೀಜ ಸಿಡದು ಹೊರಗ ಬೀಳಾಕತ್ತಿರಬೇಕಲ್ಲ?"

"ಬೀಳಾಕತ್ತಾವ್ರಿ."

ದೂರು ಬರೆಯಲೆಂದು ನಾನು ಒಯ್ದಿದ್ದ ಕಾಗದವನ್ನು ಕಸಿದುಕೊಂಡು, ಮಿಸ್ತ್ರಿ ಅವನಿಗೆ ಹೊಸ ನಕ್ಷೆ ತೆಗೆಯತೊಡಗಿದರು.