ಕಡಾಯಿಗೆ ಬಿದ್ದ ಕಮಾನು

ಉಮದಿಯ ಬಾಬಾಲಾಲನ ಮನೆ ಮುಂದೆ ಸೀಮೆಎಣ್ಣೆ ಡಬ್ಬಿಯ ತಗಡೊಂದು ತೂಗಾಡುತ್ತಿತ್ತು. ಒಂದು ಮಗ್ಗುಲಿಗೆ ಕನ್ನಡದಲ್ಲಿ, ಇನ್ನೊಂದು ಮಗ್ಗುಲಿಗೆ ಮರಾಠಿಯಲ್ಲಿ, ಡಾಂಬರಿನಿಂದ ‘ಮೋಟಾರ ಮಿಸ್ತ್ರಿ ಬಾಬಾಲಾಲ’ ಎಂದು ಬರೆದಿತ್ತು. ಯಾವ ಭಾಷೆಯಲ್ಲಿ ಓದಬೇಕೆಂಬುದನ್ನು ಗಾಳಿ ತೀರ್ಮಾನಿಸುತ್ತಿತ್ತು. ಮೂವತ್ತು ವರ್ಷ ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕಾಯಿಸಿ ಕೂಡಿಸಿದ ಮನುಷ್ಯ ೧೯೫೩ರ ಬೇಸಗೆಯಲ್ಲಿ ಒಮ್ಮೆಲೇ ಮೋಟಾರಿಗೆ ಬಡ್ತಿ ಪಡೆದಿದ್ದ. ಬಡ್ತಿ ಕೊಟ್ಟವನೂ ಅವನೇ. ಅಂದಿನಿಂದ ಚಕ್ಕಡಿಯ ಅಚ್ಚಿಗೆ ಹಚ್ಚುವ ಕರ್ರನೆಯ ಕೀಲೆಣ್ಣೆಯ ಕುಡಿಕೆಯನ್ನು ಹಿತ್ತಲಿಗೆ ಅಟ್ಟಿ, ಕೈ ತೊಳೆದುಕೊಂಡು ಕೂತಿದ್ದ.

ಊರಲ್ಲಿದ್ದ ಮೋಟಾರಾದರೂ ಎಷ್ಟು? ಒಂದು. ಅದು ಕುಸುಬಿ ಗಾಣದ ಮುರಗೆಪ್ಪನದು. ಸಂಸ್ಥಾನ ವಿಲೀನವಾದ ಮರುವರ್ಷ ಜತ್ತದ ಯಾರೋ ದೊಡ್ಡವರ ಅಂಗಳದಿಂದ ಎಬ್ಬಿಸಿಕೊಂಡು ಬಂದದ್ದು. ಈಗ ಅದರ ಹಿಂದಿನ ಕಮಾನು ಸೆಟೆದುಕೊಂಡಿತ್ತು. ಕಮಾನು ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ತಗ್ಗು ಬಂದಾಗ ಅವು ಬಗ್ಗಿ, ಒಳಗೆ ಕೂತವರ ಬೆನ್ನು ಉಳಿಸಬೇಕು. ತುದಿಯ ಪಿನ್ನು ಕಚ್ಚಿಕೊಂಡದ್ದರಿಂದ ಕಮಾನು ನೆಟ್ಟಗೆ ಉಳಿದು, ಬಗ್ಗುವ ಕೆಲಸ ಸಾಹುಕಾರನ ಪಾಲಿಗೆ ಬಂದಿತ್ತು. ಬಿಳೂರಿಗೆ ಒಂದು ಸಲ ಹೋಗಿಬಂದವನು ಎರಡು ದಿನ ನಿಂತೇ ಊಟ ಮಾಡಿದ.

“ಬಿಜಾಪುರದಿಂದ ಮಿಸ್ತ್ರಿನ ಕರಸ್ತೀನಿ” ಎಂದ ಮುರಗೆಪ್ಪ.

ಬಾಬಾಲಾಲನ ಮುಖ ಸಣ್ಣದಾಯಿತು. “ಮತ್ತ ನಾ ಯಾಕ ಇದೀನ್ರಿ ಸಾಹುಕಾರ್ರ? ಒಂದ ಪಿನ್ನ! ಸಂತಿ ದಿನ ಮುಂಜಾನಿ ಗಾಡಿ ನಿಮ್ಮ ಬಾಗಲದಾಗ ನಿಲ್ಲಸ್ತೀನಿ.”

ಎದುರಿನ ಚಹಾದಂಗಡಿಯ ತಮ್ಮಣ್ಣನಿಗೆ ಇಂಥ ಮಾತು ಸಕ್ಕರೆಗಿಂತ ಸಿಹಿ. “ನಿಲ್ಲಲಿಲ್ಲಂದ್ರ?”

“ನಿಲ್ಲಲಿಲ್ಲಂದ್ರ ಆ ತಗಡ ನನ್ನ ಕೈಯಾರೆ ಇಳಸ್ತೀನಿ. ನೀ ಒಯ್ದು ನಿನ್ನ ಒಲಿಗೆ ಅಡ್ಡ ಇಟ್ಕೊ, ಗಾಳಿ ತಾಕೂದಿಲ್ಲ.”

ಸಂತೆಗೆ ಐದು ದಿನವಿತ್ತು.

ಗಾಡಿ ಬಾಬಾಲಾಲನ ಅಂಗಳಕ್ಕೆ ಬಂತು. ಚಕ್ಕಡಿಯ ಮೂಕಿಮರವನ್ನು ಸನ್ನೆ ಕೊಟ್ಟು ಎತ್ತಿ, ಕೆಳಗೆ ಕಲ್ಲು ಇಟ್ಟು, ಗಾಲಿ ಬಿಚ್ಚಿದ್ದಾಯಿತು. ಮೊದಲ ದಿನ ಸುತ್ತಿಗೆ. ಪಿನ್ನಿನ ತುದಿ ಚಪ್ಪಟೆಯಾಯಿತೇ ಹೊರತು ಪಿನ್ನು ಅಲುಗಲಿಲ್ಲ. “ಜಂಗ ಹಿಡದೈತಿ” ಎಂದ ಬಾಬಾಲಾಲ. ಜಂಗವೆಂದರೆ ತುಕ್ಕೂ ಹೌದು, ಯುದ್ಧವೂ ಹೌದು. ಆ ಅಂಗಳದಲ್ಲಿ ಎರಡನೆಯದಂತೂ ಜೋರಾಗಿ ನಡೆದಿತ್ತು. ಎರಡನೆಯ ದಿನ ಮುರಗೆಪ್ಪನ ಗಾಣದಿಂದಲೇ ಕುಸುಬಿ ಎಣ್ಣೆ ತರಿಸಿ, ಕುದಿಸಿ ಸುರುವಿದ. ಮೂರನೆಯ ದಿನ ತಿದಿ ಒತ್ತಿ ಕೆಂಡ ಹಿಡಿದು, ಮತ್ತೆ ಎಣ್ಣೆ ಸುರುವಿದ. ಪಿನ್ನು ಮೊದಲಿಗಿಂತ ಗಟ್ಟಿಯಾಗಿ ಕೂತಿತು. ತಮ್ಮಣ್ಣ ಎರಡು ಸಲ ಬಂದು ತಗಡಿನ ಅಗಲವನ್ನು ಗೇಣಿನಿಂದ ಅಳೆದು ಹೋದ.

ಆ ಮಧ್ಯಾಹ್ನ ಬಾಬಾಲಾಲ ತಗಡಿನ ಕೆಳಗೆ ತಲೆಗೆ ಕೈಹೊತ್ತು ಕೂತಿದ್ದಾಗ ಅವನ ಹೆಂಡತಿ ಖೈರುನಬಿ ಹೊರಬಂದಳು. ಸಂತೆಯಲ್ಲಿ ಭಜಿ ಕರಿದು ಮಾರುವವಳು. ಬಾಗಿ, ಕಮಾನಿನ ತುದಿಯನ್ನು ಉಗುರಿನಿಂದ ಕೆರೆದು ನೋಡಿದಳು.

“ಅಲ್ರೀ, ಇದು ಜಂಗ ಅಲ್ಲ. ಇದು ಒಣಗಿದ ಕುಸುಬಿ ಎಣ್ಣಿ. ನನ್ನ ಕಡಾಯಿಗೆ ಹೊರಗಿಂದ ಇದs ಹಿಡದಿರತೈತಿ. ಕಾಸಿದಷ್ಟೂ ಅರಗಿನಂಗ ಬಿಗೀತೈತಿ. ಅದರ ಮ್ಯಾಲ ಮತ್ತ ಎಣ್ಣಿ ಕಾಸಿ ಹಾಕ್ಯಾರ, ಮಿಸ್ತ್ರಿ!”

ನೋಡಲು ಬಂದಿದ್ದ ಮುರಗೆಪ್ಪ ರುಮಾಲು ಸರಿಮಾಡಿಕೊಂಡ. “ಅದು... ಸೋಮವಾರಕ್ಕೊಮ್ಮೆ ನಾನs ಹಾಕ್ತಿದ್ದೆ ಯವ್ವಾ. ಕೀಲೆಣ್ಣಿ ಚಕ್ಕಡಿಗೆ ಹಚ್ಚೂದು. ಇಂಥಾ ಗಾಡಿಗೆ ಆ ಕರೀ ಹೊಲಸು ಹಚ್ಚೂದೇನು? ನಮ್ಮ ಗಾಣದ ಮದಲ ಎಣ್ಣಿ, ದೇವರ ದೀಪಕ್ಕ ತಗದಿಟ್ಟದ್ದು...”

“ನಾಕ ವರ್ಷ?” ಎಂದಳು ಖೈರುನಬಿ.

“ಒಂದ ಸೋಮವಾರ ತಪ್ಪಿಲ್ಲ.”

ನಾಲ್ಕು ವರ್ಷದ ಅಭಿಷೇಕ ಪಿನ್ನಿನ ಸುತ್ತ ಗಟ್ಟಿಯಾಗಿ ಕೂತಿತ್ತು. ಹಿತ್ತಲಿಗೆ ಅಟ್ಟಿದ ಕುಡಿಕೆಯ ಕಡೆ ಬಾಬಾಲಾಲ ಒಮ್ಮೆ ನೋಡಿ, ಯಾರೂ ನೋಡಲಿಲ್ಲವಷ್ಟೇ ಎಂದು ಸುತ್ತ ನೋಡಿದ.

“ನೀ ಕಡಾಯಿ ಹೆಂಗ ತೊಳೀತಿ?” ಎಂದು ಮೆಲ್ಲಗೆ ಕೇಳಿದ.

“ಒಲಿ ಬೂದಿ, ಅರಿಬಿ ಒಗಿಯೂ ಸೋಡಾ ಹಾಕಿ ಕುದಸ್ತೀನಿ. ಕಡಾಯಿ ಕೊಡ್ತೀನಿ, ಆದ್ರ ಸಂತಿಗೆ ಅದು ಹೊಳೀತಿರಬೇಕು. ತಿಕ್ಕೂದು ನೀವು.”

ನಾಲ್ಕನೆಯ ದಿನ ಮುಂಜಾನೆ ಕಮಾನನ್ನು ಪೂರ್ತಿ ಗಾಡಿಯಿಂದ ಇಳಿಸಿ, ಕಚ್ಚಿಕೊಂಡ ತುದಿಯನ್ನು ಭಜಿಯ ಕಡಾಯಿಯಲ್ಲಿ ಮುಳುಗಿಸಿದರು. ಇನ್ನೊಂದು ತುದಿ ಹೊರಗೆ ಚಾಚಿ, ಸ್ನಾನಕ್ಕೆ ಒಲ್ಲೆನೆಂಬ ಎಮ್ಮೆಯ ಹಾಗೆ ನಿಂತಿತು.

“ಖೈರಕ್ಕಾ, ಇವತ್ತ ಕಮಾನ ಭಜಿ ಏನ?” ತಮ್ಮಣ್ಣ ಅಂಗಡಿಯಿಂದಲೇ ಕೂಗಿದ.

“ಮದಲನೇ ಪ್ಲೇಟ ನಿನಗs. ಹಲ್ಲ ಗಟ್ಟಿ ಅದಾವೇನ ನೋಡ್ಕೊಂಡ ಬಾ!”

ಮಧ್ಯಾಹ್ನದ ಹೊತ್ತಿಗೆ ನೀರು ತಮ್ಮಣ್ಣನ ಚಹಾದ ಬಣ್ಣಕ್ಕೆ ಬಂತು. ರುಚಿಯೂ ಅದೇ ಇದ್ದೀತೆಂದು ಮುರಗೆಪ್ಪನ ಊಹೆ. ಬಾಬಾಲಾಲ ಕಮಾನು ಹೊರತೆಗೆದು, ಚಪ್ಪಟೆಯಾದ ತುದಿಯನ್ನು ಅರದಿಂದ ಉಜ್ಜಿ, ಅಭ್ಯಾಸಬಲದಿಂದ ಸುತ್ತಿಗೆ ಎತ್ತಿದ.

“ಬಡೀಬ್ಯಾಡ್ರಿ! ನಾ ಕಡಾಯಿ ಬಡದು ತೊಳೀತೀನೇನ? ಆಕಡಿ ಒಂದೀಟ, ಈಕಡಿ ಒಂದೀಟ ತಿರುವ್ರಿ.”

ನಟ್ಟು ಬಿಚ್ಚುವ ಪಾನಾ ಹಚ್ಚಿ ಆಕಡೆ ತಿರುವಿದ. ಏನೂ ಇಲ್ಲ. ಈಕಡೆ ತಿರುವಿದ. ‘ಕಿರ್’ ಎಂದಿತು. ಮುರಗೆಪ್ಪ ಎದ್ದು ನಿಂತ. ಇನ್ನೊಂದು ಸಲ ಕುದಿಸಿ, ಮತ್ತೆ ಆಕಡೆ, ಈಕಡೆ. ಇಳಿಹೊತ್ತಿಗೆ ಪಿನ್ನು ಹಳೆಯ ಬಾಕಿ ಕೆಮ್ಮೆಲ್ಲ ಕೆಮ್ಮಿ ಬಾಬಾಲಾಲನ ಅಂಗೈಗೆ ಬಂದು ಬಿತ್ತು. ಅವನು ಹಿತ್ತಲಿಗೆ ಹೋಗಿ ಕೀಲೆಣ್ಣೆಯ ಕುಡಿಕೆ ತಂದು, ತನ್ನ ಕೈಯಿಂದಲೇ ಪಿನ್ನಿಗೆ ಬಳಿದ. ಈ ಸಲ ಸಾಹುಕಾರ ಹೊಲಸು ಎನ್ನಲಿಲ್ಲ.

ಸಂತೆಯ ದಿನ ಮುಂಜಾನೆ ಗಾಡಿ ಮುರಗೆಪ್ಪನ ಬಾಗಿಲಲ್ಲಿ ಅಲ್ಲಾಡುತ್ತ, ಬಗ್ಗುತ್ತ ನಿಂತಿತು. ಮುರಗೆಪ್ಪ ಊರ ತಗ್ಗುಗಳನ್ನೆಲ್ಲ ಹುಡುಕಿ ಹುಡುಕಿ ಗಾಡಿ ಇಳಿಸಿ, ಊಟಕ್ಕೆ ಕೂತೇ ಉಂಡ. ಬಾಬಾಲಾಲ ಮಾತ್ರ ಬಾವಿಯ ಹತ್ತಿರ ಕಡಾಯಿ ತಿಕ್ಕುತ್ತಿದ್ದ. ತಿಕ್ಕಿ ಮುಗಿಸಿ ಬಂದವನೇ ಏಣಿ ಹಾಕಿ ತಗಡನ್ನು ಇಳಿಸಿದ.

ತಮ್ಮಣ್ಣ ಓಡಿಬಂದ. “ಏ, ಗೆದ್ದ ಮ್ಯಾಲ ಯಾಕೋ ಇಳಸ್ತಿ? ನನ್ನ ಒಲಿ ಆಸೆ ಬಿಟ್ಟಿತ್ತಲ್ಲೋ!”

ಬಾಬಾಲಾಲ ಮರಾಠಿಯ ಮಗ್ಗುಲಲ್ಲಿ ತನ್ನ ಹೆಸರಿನ ಮೇಲೆ ಡಾಂಬರು ಬಳಿದು ಅಳಿಸಿ, ಜಾಗ ಸಾಲದೆ ಅಕ್ಷರ ಒತ್ತಿ ಒತ್ತಿ, ಅದರ ಕೆಳಗೆ ‘ಖೈರುನಬಿ’ ಎಂದು ಬರೆದು ಮತ್ತೆ ತೂಗುಹಾಕಿದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಮಿಸ್ತ್ರಿ ಯಾರೆಂಬುದನ್ನೂ ಗಾಳಿಯೇ ತೀರ್ಮಾನಿಸತೊಡಗಿತು. ಗಾಳಿ ಹೆಚ್ಚಾಗಿ ಅಕ್ಕನ ಕಡೆಗೇ ಇತ್ತೆಂದು ತಮ್ಮಣ್ಣ ಕೊನೆಯವರೆಗೂ ಹೇಳುತ್ತಿದ್ದ.