ಧಾರೆಯ ಹೊತ್ತಿಗೆ ಕೈಕೊಟ್ಟ ಸೆಲ್‌ಗಳು

ಕಳೆದ ವರ್ಷದ ಮೇ ತಿಂಗಳು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮದುವೆ ಫೋಟೋಗ್ರಾಫರನಾಗಿ ನನಗೆ ಅದು ಇಪ್ಪತ್ತೇಳನೇ ವರ್ಷ. ನನ್ನ ಊರು ಗದಗ, ಆದರೆ ಗಿರಾಕಿಗಳಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯವರು. ಅವರ ಮದುವೆಯಲ್ಲಿ ಧಾರೆಯೇ ಮುಖ್ಯ. ವಧೂವರರ ಜೋಡಿಸಿದ ಕೈಗಳ ಮೇಲೆ ಹೆತ್ತವರು ಗಿಂಡಿಯಿಂದ ನೀರೆರೆದರೆ ಮಗಳನ್ನು ಕೊಟ್ಟಂತೆ. ಅರೆನಿಮಿಷದ ಕೆಲಸ ಅದು, ಅಷ್ಟರಲ್ಲೇ ಫೋಟೋ ಸಿಗಬೇಕು. ಒಂದು ಧಾರೆಯೂ ನನ್ನ ಕೈತಪ್ಪಿರಲಿಲ್ಲ. ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಈ ಮದುವೆ ಪಕ್ಕದ ಕಲ್ಯಾಣ್ ಊರಿನ ಒಂದು ಹಾಲ್‌ನಲ್ಲಿ ನಿಗದಿಯಾಗಿತ್ತು. ವಧು ಅಶ್ವಿನಿಗೆ ಠಾಣೆ ನಗರದ ಆಫೀಸೊಂದರಲ್ಲಿ ಕೆಲಸ. ತಂದೆ ಅವಳ ಬಾಲ್ಯದಲ್ಲೇ ತೀರಿಹೋಗಿದ್ದರು. ತಾಯಿ ಜಲಜಕ್ಕ ಶಾಲೆಯೊಂದರ ಕ್ಯಾಂಟೀನಿನಲ್ಲಿ ದುಡಿದು ಓದಿಸಿದ್ದರು. ಮಗಳ ಧಾರೆಯನ್ನು ಆ ತಾಯಿಯೇ ಎರೆಯುವುದೆಂದು ನಿಶ್ಚಯವಾಗಿತ್ತು, ಆದರೆ ಸುಲಭವಾಗಿ ಅಲ್ಲ. ಉಲ್ಹಾಸನಗರದಲ್ಲಿ ಹೋಟೆಲು ನಡೆಸುವ ದೊಡ್ಡಪ್ಪ ವಿಠಲಣ್ಣ ಒಪ್ಪಿರಲಿಲ್ಲ. ಮದುವೆಗೆ ಮುಂಚೆ ನಾನು ಮಾತಾಡಲು ಮನೆಗೆ ಹೋದಾಗಲೂ ಅದೇ ಚರ್ಚೆ ನಡೆದಿತ್ತು.

"ನಿನ್ನ ಒಳ್ಳೇದಕ್ಕೇ ಹೇಳುದು ಜಲಜಾ. ಗಂಡ ಇಲ್ಲದವಳು ಗಿಂಡಿ ಹಿಡಿದ್ರೆ, ನಾಳೆ ಎಂತಾದ್ರೂ ಹೆಚ್ಚುಕಮ್ಮಿ ಆದಾಗ ಜನ ನಿನ್ನನ್ನೇ ಆಡುದು," ಎಂದರು ವಿಠಲಣ್ಣ.

"ಮಮ್ಮಿ ಹೀ ಕರೇಗೀ, ಬಡೇ ಪಪ್ಪಾ," ಎಂದಳು ಅಶ್ವಿನಿ, ಅಮ್ಮನೇ ಎರೆಯಬೇಕೆಂಬ ಹಟದಲ್ಲಿ. "ನಹೀಂ ತೋ ಸೀದಾ ರಿಜಿಸ್ಟರ್ ಮ್ಯಾರೇಜ್."

ಜಲಜಕ್ಕ ನನ್ನನ್ನು ಕಳಿಸಲು ಲಿಫ್ಟಿನ ತನಕ ಬಂದು, "ಆ ಒಂದು ಫೋಟೋ ಚೆಂದ ಬರ್ಲಿ, ಆಯ್ತಾ? ಬೇರೆದ್ದು ಹೇಗಿದ್ರೂ ಅಡ್ಡಿಲ್ಲ," ಎಂದರು.

ಇಲ್ಲಿ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ಫ್ಲ್ಯಾಶ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ನಾನು ಮೊದಲಿಂದ ಬಳಸುತ್ತಿದ್ದದ್ದು 1.2 ವೋಲ್ಟಿನ ನಿಕಲ್ ರೀಚಾರ್ಜೆಬಲ್ ಸೆಲ್. ಅವು ಖಾಲಿಯಾಗುತ್ತ ಬಂದಂತೆ ಫ್ಲ್ಯಾಶ್ ನಿಧಾನವಾಗಿ, ನಮಗೆ ಮೊದಲೇ ಸೂಚನೆ ಸಿಗುತ್ತದೆ. ಆ ವರ್ಷ ಹೊಸದಾಗಿ 1.5 ವೋಲ್ಟಿನ ಲಿಥಿಯಂ ಸೆಲ್ ಕೊಂಡಿದ್ದೆ. ಅವು ಕೊನೆಯ ತನಕ ಒಂದೇ ಜೋರಿನಲ್ಲಿ ನಡೆದು, ಆಮೇಲೆ ಒಮ್ಮೆಗೇ ನಿಂತುಬಿಡುತ್ತವೆ. ಎರಡರ ಗಾತ್ರ ಒಂದೇ, ಒಳಗಿನ ರಸಾಯನ ಬೇರೆ. ಹಾಗಾಗಿ ಚಾರ್ಜರ್ ಕೂಡ ಬೇರೆಯೇ ಬೇಕು.

ಹಿಂದಿನ ದಿನ ವಾಶಿಯಲ್ಲಿ ರಿಸೆಪ್ಷನ್ ಮುಗಿಸಿ ಬರುವಾಗ ಲಿಥಿಯಂ ಚಾರ್ಜರನ್ನು ಅಲ್ಲೇ ಮರೆತಿದ್ದೆ. ಮನೆಗೆ ಬಂದು ಎರಡೂ ಸೆಟ್ ಲಿಥಿಯಂ ಸೆಲ್‌ಗಳನ್ನು ಹಳೆಯ ನಿಕಲ್ ಚಾರ್ಜರಿಗೆ ಹಾಕಿದೆ. ಸರಿಯಾಗಿ ಕೂತವು, ಹಸಿರು ದೀಪವೂ ಹತ್ತಿತು; ಅದನ್ನು ನಂಬಿ ನಿಕಲ್ ಸೆಲ್‌ಗಳನ್ನು ಮನೆಯಲ್ಲೇ ಬಿಟ್ಟೆ. ಒಳಗೆ ಕೂತದ್ದು ನಿಕಲ್ಲೋ ಲಿಥಿಯಮ್ಮೋ, ನಿಜಕ್ಕೂ ಚಾರ್ಜ್ ಆಯಿತೋ ಇಲ್ಲವೋ ಎಂದು ತಿಳಿಯುವ ಬುದ್ಧಿ ಆ ಅಗ್ಗದ ಚಾರ್ಜರಿಗೆ ಇರಲಿಲ್ಲ. ನನಗೆ ಇರಬೇಕಿತ್ತು. ಸೆಲ್ ಉಬ್ಬಿ ಬೆಂಕಿ ಹತ್ತದೆ ಉಳಿದದ್ದೇ ಪುಣ್ಯ.

ಅಳಿದುಳಿದ ಚಾರ್ಜಿನಲ್ಲಿ ಬೆಳಗಿನ ಶಾಸ್ತ್ರಗಳೆಲ್ಲ ಸಾಗಿದವು. ಮುಹೂರ್ತಕ್ಕೆ ಜಲಜಕ್ಕ ಮಂಟಪ ಹತ್ತಿದರು. ಅವರ ಹಿಂದೆ ವಿಠಲಣ್ಣ ಕೈಕಟ್ಟಿ ನಿಂತಿದ್ದರು. ಹಾಲ್ ತುಂಬ ನೆಂಟರ ಕಣ್ಣು. ಆ ಕಣ್ಣುಗಳ ಎದುರು ಜಲಜಕ್ಕ ಗಿಂಡಿ ಎತ್ತಿ, ಒಂಚೂರೂ ಅಳುಕದೆ ನೀರೆರೆದರು. ನಾನು ಬಟನ್ ಒತ್ತಿದೆ. ಫ್ಲ್ಯಾಶ್ ಬೆಳಗಲಿಲ್ಲ. ಮಂಟಪದ ಹಿಂದೆ ಎಲ್‌ಇಡಿ ದೀಪಗಳ ಗೋಡೆಯಿದ್ದುದರಿಂದ ಎದುರಿನವರೆಲ್ಲ ಬರೀ ಕಪ್ಪಾಗಿ ಬಂದರು. ಇನ್ನೊಂದು ಸೆಟ್ ತುರುಕಿದೆ, ಅದೂ ಸತ್ತಿತ್ತು. ಅಷ್ಟರಲ್ಲಿ ಧಾರೆ ಮುಗಿದಿತ್ತು. ವಿಡಿಯೋದವರನ್ನು ಮದುವೆ ಮನೆಯವರು ಕರೆಸಿರಲಿಲ್ಲ. ನೆಂಟರ ಮೊಬೈಲುಗಳಲ್ಲಿ ನೋಡಿದರೆ ಎಲ್ಲದರಲ್ಲೂ ಇದ್ದದ್ದು, ಮುಂದೆ ಅಡ್ಡ ನಿಂತಿದ್ದ ನನ್ನ ಬೆನ್ನು.

ಕೆಳಗಿನ ಅಂಗಡಿಯಿಂದ ಮಾಮೂಲಿ ಸೆಲ್ ತಂದು ಹಾಕಿಕೊಂಡು, "ಯಕ್ಕಾ, ಇನ್ನೊಮ್ಮೆ ಎರೀರಿ, ಫೋಟೋ ಬಂದಿಲ್ಲ," ಎಂದೆ.

ಭಟ್ಟರಿಗೆ ಇದು ಸರಿಬರಲಿಲ್ಲ. "ಧಾರೆ ಆಯ್ತಲ್ಲ ಮಾರಾಯ್ರೇ. ಫೋಟೋಕ್ಕೆ ಬೇಕಾದ್ರೆ ಸುಮ್ಮನೆ ನೀರು ಬಿಡಿ, ಮಂತ್ರ ಇಲ್ಲ," ಎಂದರು.

ಜಲಜಕ್ಕ ಮತ್ತೆ ಗಿಂಡಿ ಎತ್ತಿಕೊಂಡರು. ಆಗ ವಿಠಲಣ್ಣ ಮುಂದೆ ಬಂದರು. "ಬರೀ ಫೋಟೋಕ್ಕಲ್ವಾ? ಕೊಡು, ನಾನು ಹಿಡೀತೇನೆ. ಆಲ್ಬಮ್ ಊರಿನವರೆಲ್ಲ ನೋಡ್ತಾರೆ."

ಅಷ್ಟು ಜನರೆದುರು ಕಿತ್ತಾಡುವುದು ಬೇಡವೆಂದೋ ಏನೋ, ಜಲಜಕ್ಕ ಗಿಂಡಿ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದರು. ಅಶ್ವಿನಿ ನನ್ನತ್ತ ನೋಡಿದಳು. ನನಗೆ ಧಾರೆಯ ಒಂದು ಫೋಟೋ ಬೇಕಿತ್ತು, ನನ್ನ ಹೆಸರು ಉಳಿಯಬೇಕಿತ್ತು. ತೆಗೆದೆ. ಈ ಸಲ ಫ್ಲ್ಯಾಶ್ ಚೆನ್ನಾಗಿ ಬೆಳಗಿತು.

ಮುಂದಿನ ತಿಂಗಳು ಆಲ್ಬಮ್ ಹಿಡಿದು ಅವರ ಮನೆಗೆ ಹೋದೆ. ಕಪ್ಪಾದ ಫೋಟೋವನ್ನು ಕಂಪ್ಯೂಟರಿನಲ್ಲಿ ಎಷ್ಟು ತಿಳಿಮಾಡಿದರೂ ಯಾರ ಮುಖವೆಂದು ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಜಲಜಕ್ಕ ಒಬ್ಬರೇ ಇದ್ದರು. ನಾನು ಕೂತವನೇ ವೋಲ್ಟು, ಲಿಥಿಯಂ, ಚಾರ್ಜರ್ ಎಂದು ಉದ್ದಕ್ಕೆ ಹೇಳಿ ಕ್ಷಮೆ ಕೇಳಿದೆ. ಅವರು ಪುಟ ಮಗುಚುತ್ತ ಕೇಳಿಸಿಕೊಂಡರು. ಧಾರೆಯ ಪುಟದಲ್ಲಿ ವಿಠಲಣ್ಣ ಗಿಂಡಿ ಹಿಡಿದು ನಗುತ್ತಿದ್ದರು. ಬದಿಯಲ್ಲಿ ಜಲಜಕ್ಕನ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

"ಸೆಲ್ ಹೋಗುದು ಯಾರಿಗೂ ಆಗ್ತದೆ, ಬಿಡಿ," ಎಂದರು. ಆ ಸೀರೆಯಂಚಿನ ಮೇಲೆ ಬೆರಳಿಟ್ಟು ಕೇಳಿದರು, "ಭಾವ ನನ್ನ ಕೈಯಿಂದ ಗಿಂಡಿ ತಗೊಂಡಾಗ ನೀವು ಅವರಿಗೆ 'ಸ್ವಲ್ಪ ನಗ್ರಿ' ಅಂದ್ರಿ. ಅದು ಸೆಲ್ ಹೇಳಿದ್ದಲ್ಲ, ಅಲ್ವಾ?"

ಆ ಮಾತು ಆಡಿದ್ದು ನನಗೆ ನೆನಪೂ ಇರಲಿಲ್ಲ, ನಾಲಿಗೆಗೆ ಅಷ್ಟು ಅಭ್ಯಾಸವಾಗಿತ್ತು. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಚಹಾ ಮಾಡಿಕೊಟ್ಟು ಕಳಿಸಿದರು.

ಈಗ ನಿಕಲ್ ಸೆಲ್‌ಗೂ ಅದರ ಚಾರ್ಜರಿಗೂ ನೀಲಿ ಟೇಪ್, ಲಿಥಿಯಂನದಕ್ಕೆ ಕೆಂಪು ಟೇಪ್ ಅಂಟಿಸಿದ್ದೇನೆ. ಆ ಪಾಠ ಒಂದೇ ದಿನದಲ್ಲಿ ಕಲಿತೆ. ಇನ್ನೊಂದು ಪಾಠ ತಾಯಿಯೊಬ್ಬಳ ಫೋಟೋ ನುಂಗಿ ಬಂತು. ಯಾರ ಪಾಲಿನ ಗಳಿಗೆ ಯಾರ ಕೈಗೆ ಹೋಗುತ್ತಿದೆ ಎಂದು ಕಂಡಾಗ ಕ್ಯಾಮೆರಾ ಇಳಿಸುವುದೂ ನನ್ನ ಕೆಲಸವೇ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.